ತಲೆಗೊಂದು ಪಾಲು ಇದ್ದಿಲು

ರೇಷ್ಮೆಗೆ ಬೆಲೆ ಬಂದ ಆ ವರ್ಷಗಳಲ್ಲಿ ಕೈಲಾಂಚದ ಕಡೆ ಕೈಯಲ್ಲಿ ದುಡ್ಡು ಓಡಾಡುತ್ತಿತ್ತು, ಸೌದೆ ಮಾತ್ರ ಸಿಗುತ್ತಿರಲಿಲ್ಲ. ರಾಮನಗರದಲ್ಲಿ ಗೂಡು ಬೇಯಿಸಿ ನೂಲು ತೆಗೆಯುವ ಒಲೆಗಳು ಹಗಲೆಲ್ಲ ಉರಿಯುತ್ತಿದ್ದವು. ಸುತ್ತಲ ಊರುಗಳ ಮರ ಗಾಡಿಗಟ್ಟಲೆ ಅಲ್ಲಿಗೇ ಹೋಗುತ್ತಿತ್ತು. ಸೀಮೆಎಣ್ಣೆ ಬರುತ್ತದೆಂಬ ಸುದ್ದಿ ಬಂದರೆ ಸಾಕು, ಸೊಸೈಟಿಯ ಮುಂದೆ ಬೆಳಗಾಗುವ ಮೊದಲೇ ಡಬ್ಬಗಳ ಸಾಲು ನಿಲ್ಲುತ್ತಿತ್ತು.

ಮೈಸೂರಿನಲ್ಲಿ ಓದು ಮುಗಿಸಿ ಬಂದಿದ್ದ ನಾನು, ನನ್ನಂಥ ಇನ್ನಿಬ್ಬರು ಸೇರಿಕೊಂಡು ಮನೆಮನೆಗೆ ಹೋಗಿ ಒಂದೇ ಮಾತು ಹೇಳುತ್ತಿದ್ದೆವು: ಊರಿಗೆ ಗಾಡಿಯಲ್ಲಿ ಬರುವ ಸೌದೆ, ಇದ್ದಿಲನ್ನು ತಲೆ ಲೆಕ್ಕದಲ್ಲಿ ಹಂಚಿಕೊಳ್ಳೋಣ. ಉಳ್ಳವರ ಮನೆಗೂ ಕೂಲಿಯವರ ಮನೆಗೂ ತಲೆಗೊಂದೇ ಪಾಲು. ಪಾಲನ್ನು ಮಾರುವಂತಿಲ್ಲ, ಕೈಬದಲು ಕೊಡುವಂತೆಯೂ ಇಲ್ಲ. ಅದಕ್ಕೆ ಅವಕಾಶ ಕೊಟ್ಟರೆ ಇಲ್ಲದವರ ಒಲೆಯನ್ನು ಉಳ್ಳವರು ಕೊಂಡುಬಿಡುತ್ತಾರೆ ಎಂಬ ಭಯ ನಮಗಿತ್ತು. ಆ ಭಯ ಸುಳ್ಳೆಂದು ನನಗೆ ಇವತ್ತಿಗೂ ಅನಿಸಿಲ್ಲ.

ಅರಳಿಕಟ್ಟೆಯಲ್ಲಿ ಒಬ್ಬ ರೈತ ನಕ್ಕ. "ಹುಳಕ್ಕೂ ತಲೆ ಐತಲ್ಲವ್ವಾ, ಅವುಕ್ಕೆಷ್ಟು ಪಾಲು?"

"ಹುಳಕ್ಕಿಲ್ಲ. ಮನುಷ್ಯರಿಗೆ ಮಾತ್ರ," ಎಂದೆ.

"ಸರಿ ಬುಡು. ಸಾಲದೇ ಬಂದ್ರೆ ನಿನ್ ಡಿಗ್ರಿ ಪತ್ರ ಉರಿಸ್ಕೊಂಡು ಅನ್ನ ಮಾಡ್ಕೊತೀವಿ!"

ಎಲ್ಲರೂ ನಕ್ಕರು, ನಾನೂ ನಕ್ಕೆ. ಬೇರೆ ದಾರಿಯಿಲ್ಲದೆಯೋ ಏನೋ, ಕೊನೆಗೆ ಊರು ಒಪ್ಪಿತು.

ಆ ಮಾರ್ಗಶಿರದಲ್ಲಿ ಅಕ್ಕ ಹೆರಿಗೆಗೆ ತವರಿಗೆ ಬಂದಿದ್ದಳು. ಹೆಣ್ಣುಮಗು ದಿನ ತುಂಬುವ ಮೊದಲೇ ಹುಟ್ಟಿತು, ಅಂಗೈಯಷ್ಟು. ಅದರ ಪಾಲು ಮುಂದಿನ ಗಾಡಿಗೆ ಬರಬೇಕಿತ್ತು. ಅದೇ ವಾರ ನಮ್ಮ ಮನೆಯ ರೇಷ್ಮೆಹುಳ ಪೊರೆ ಬಿಡಲು ಮೇವು ಬಿಟ್ಟು ಕೂತಿದ್ದವು. ಅದಕ್ಕೆ ಜ್ವರ ಎನ್ನುತ್ತೇವೆ. ಆಗ ಶೀತ ತಗುಲಿದರೆ ಬೆಳೆಯೇ ಹೋಗುತ್ತದೆ. ಹೀಗೆ ಎರಡು ಕೋಣೆಯಲ್ಲಿ ಎರಡು ಅಗ್ಗಿಷ್ಟಿಕೆ. ಒಂದು ಮುಂಜಾನೆ ನೋಡಿದರೆ ಒಂದನ್ನು ಮಾರನೆಯ ಬೆಳಗಿನವರೆಗೆ ಉರಿಸಲು ಸಾಲುವಷ್ಟು ಇದ್ದಿಲು ಮಾತ್ರ ಉಳಿದಿತ್ತು. ಆ ಒಂದು ಹುಳದ ಕೋಣೆಯಲ್ಲಿ ಉರಿಯುತ್ತಿತ್ತು.

ಹೊರಗೆ ಎದುರು ಮನೆ ಕಾಣದಷ್ಟು ಮಂಜು. ಅಕ್ಕ ಕೂಗಿದಳು. ಮಗುವಿನ ಪಾದ ಮುಟ್ಟಿದೆ; ಬಾವಿಯಿಂದ ತೆಗೆದ ಕಲ್ಲಿನಂತಿತ್ತು. ಅದು ಅಳುತ್ತಿರಲಿಲ್ಲ. ಹಿಪ್ಪುನೇರಳೆ ಕಡ್ಡಿ ಉರಿಸೋಣವೆಂದರೆ ಎಲ್ಲ ಹಸಿ, ಬರೀ ಹೊಗೆ.

ಪಕ್ಕದ ಮನೆಗೆ ಇದ್ದಿಲು ಕೇಳಲು ಓಡಿದೆ. ಆ ಮನೆಯಾಕೆ ಬಾಗಿಲನ್ನು ಪೂರ್ತಿ ತೆರೆಯಲೇ ಇಲ್ಲ. "ಕೊಟ್ರೆ ನಮ್ ಪಾಲು ನಿಲ್ಲಿಸ್ತೀವಿ ಅಂದ್ರಲ್ಲವ್ವಾ ನೀವೇಯ? ನಮ್ ಮಾವನೂ ಕೆಮ್ಮಿ ಕೆಮ್ಮಿ ಮಲಗವ್ರೆ." ಅವಳ ದನಿಯಲ್ಲಿ ಕೊಂಕಿರಲಿಲ್ಲ, ಹೆದರಿಕೆಯಿತ್ತು. ನಾನು ಇನ್ನೊಂದು ಮಾತು ಆಡಿದ್ದರೆ ಕೊಡುತ್ತಿದ್ದಳೇನೋ. ಆಡಿದೆನೋ ಇಲ್ಲವೋ, ಈಗ ಹೇಳಲಾರೆ.

ಹಿಂದಿರುಗಿ ಅವ್ವನಿಗೆ, "ಹುಳದ ಅಗ್ಗಿಷ್ಟಿಕೆ ಇತ್ಲಾಗೆ ತತ್ತೀನಿ," ಎಂದೆ.

"ಜ್ವರಕ್ಕೆ ಕುಂತವೆ ಕಣೇ! ಈಗ ತಂಡಿ ತಗುಲಿದ್ರೆ ವರ್ಸೆಲ್ಲ ಏನುಣ್ತೀಯೆ?"

"ಹಂಗಾರೆ ಮಗೂನೇ ಅತ್ಲಾಗೆ ಕರ್ಕೊಂಡೋಗಾನ."

ಅವ್ವ ಬೆಚ್ಚಿಬಿದ್ದಳು. ಮುಟ್ಟಾದವರು, ಬಾಣಂತಿ, ಯಾರೂ ಹುಳದ ಕೋಣೆಯ ಹೊಸಿಲು ದಾಟುವಂತಿರಲಿಲ್ಲ. "ಹಸಿ ಬಾಣಂತಿ ಕಾಲಿಟ್ರೆ ಒಂದು ಹುಳನೂ ಉಳಿಯಾಕಿಲ್ಲ," ಎಂದಳು. ಅವಳಿಗೆ ಮೊಮ್ಮಗಳ ಮೇಲೆ ಪ್ರೀತಿ ಇರಲಿಲ್ಲವೆಂದು ಯಾರೂ ತಿಳಿಯಬಾರದು. ಅವಳು ಎರಡು ಸಾವುಗಳ ನಡುವೆ ನಿಂತಿದ್ದಳು.

ಅಕ್ಕ ಮಗುವನ್ನು ಸೆರಗಿನೊಳಗೆ ಅವುಚಿಕೊಂಡು ಗೋಡೆ ಹಿಡಿಯುತ್ತ ಎದ್ದಳು, ನಡುಮನೆ ದಾಟಿದಳು, ಹುಳದ ಕೋಣೆಯೊಳಗೆ ಹೋದಳು. ಅವ್ವನೇ ಕೈಹಿಡಿದು ಕರೆದೊಯ್ದಳೆಂದು ಅಕ್ಕ ಈಗ ಹೇಳುತ್ತಾಳೆ. ನಾನು ಕಂಡಂತೆ ಅವ್ವ ಕಂಬಕ್ಕೊರಗಿ ಕಣ್ಣು ಮುಚ್ಚಿದ್ದಳು. ಆವತ್ತಿನ ನನ್ನ ಡೈರಿಯಲ್ಲಿ 'ವಿಪರೀತ ಚಳಿ' ಎಂದಷ್ಟೇ ಇದೆ.

ನನ್ನ ನಿಜವಾದ ಭಯ ಶುರುವಾದದ್ದು ಆಮೇಲೆ. ಮುಚ್ಚಿದ ಕೋಣೆಯಲ್ಲಿ ಇದ್ದಿಲು ಉರಿದರೆ ಬಣ್ಣ, ವಾಸನೆ ಏನೂ ಇಲ್ಲದ ವಿಷದ ಗಾಳಿ ಹುಟ್ಟುತ್ತದೆಂದು ಓದಿದ್ದೆ. ಹುಳದ ಕೋಣೆಗೆ ಒಂದೇ ಕಿಟಕಿ, ಅದಕ್ಕೂ ಗೋಣಿ ಹೊಡೆದಿತ್ತು. ನಾನು ಹೊಸಿಲ ಮೇಲೆ ಕೂತು ಬಾಗಿಲ ಅಂಚು ಹಿಡಿದುಕೊಂಡೆ. ಹೆಚ್ಚು ತೆರೆದರೆ ಕಾವು ಹೋಗುತ್ತದೆ, ಮುಚ್ಚಿದರೆ ಉಸಿರು ಹೋಗುತ್ತದೆ. ಎಷ್ಟು ತೆರೆದರೆ ಸರಿ ಎಂದು ಯಾವ ಪುಸ್ತಕದಲ್ಲೂ ಬರೆದಿರಲಿಲ್ಲ. ಅಕ್ಕನ ಕಣ್ಣು ಎಳೆದಾಗಲೆಲ್ಲ, "ಅಕ್ಕಾ, ನಿದ್ದೆ ಮಾಡ್ಬೇಡ, ತಲೆ ನೋಯ್ತಾ ಐತಾ?" ಎನ್ನುತ್ತಿದ್ದೆ.

"ನಿನ್ ಬಾಯಿಂದ್ಲೇ ನೋಯ್ತಾ ಐತೆ, ಒಸಿ ಸುಮ್ಕಿರು," ಎಂದಳು.

ಮಂಜು ಕರಗಿ ಬಿಸಿಲು ಅಂಗಳಕ್ಕೆ ಬಂದ ಮೇಲೆ ಮಗು ಮುಲುಗಿತು, ಆಮೇಲೆ ಅತ್ತಿತು. ಅಕ್ಕ ಮೊಲೆಗೆ ಹಿಡಿದಳು. ಅವ್ವ ಒಳಗೆ ಬಂದವಳು ಮಗುವಿನ ಕಡೆ ನೋಡದೆ ಹುಳದ ತಟ್ಟೆಗಳ ಮೇಲೆ ಬಗ್ಗಿದಳು. ಹುಳ ಅಲ್ಲಾಡದೆ ಕೂತಿದ್ದವು. ಜ್ವರದ ಹುಳ ಹಾಗೇ ಇರುತ್ತವೆ. ಸತ್ತಿವೆಯೋ ಇದ್ದಾವೋ ಆ ಹೊತ್ತಿಗೆ ಯಾರಿಗೂ ಗೊತ್ತಾಗುವುದಿಲ್ಲ.

ಅಕ್ಕನನ್ನೂ ಮಗುವನ್ನೂ ಅಂಗಳದ ಬಿಸಿಲಿಗೆ ಕೂರಿಸಿ, ನಾನು ಪಾಲಿನ ಗಾಡಿ ನೋಡಲು ರಸ್ತೆಗೆ ಹೋದೆ. ಚೀಲ ಹಿಡಿದು ನಿಂತಿದ್ದವರಲ್ಲಿ ಒಬ್ಬಳು, "ಇವತ್ತು ಬರಾಕಿಲ್ವಂತೆ ಕಣವ್ವಾ," ಎಂದಳು.

ಮನೆಗೆ ಬಂದಾಗ ಅವ್ವ ಹುಳದ ಕೋಣೆಯಲ್ಲಿದ್ದಳು. ತಟ್ಟೆಗಳ ಅಟ್ಟಣೆಯನ್ನು ಒಬ್ಬಳೇ ಗೋಡೆಯ ಕಡೆಗೆ ಸರಿಸುತ್ತಿದ್ದಳು. ನನ್ನ ಬರಿಗೈ ನೋಡಿದಳು. ಅಗ್ಗಿಷ್ಟಿಕೆಯ ಪಕ್ಕ ಖಾಲಿಯಾದ ಜಾಗದಲ್ಲಿ ಚಾಪೆ ಬಿಡಿಸಿ, ಅದರ ಮೇಲೆ ತನ್ನ ಹಳೇ ಸೀರೆಯನ್ನು ನಾಲ್ಕು ಮಡಿಕೆ ಮಾಡಿ ಹಾಸಿ, "ಹೊತ್ತು ಮುಳುಗೋ ಮುಂಚೆ ಅವಳ್ನ ಕರ್ಕೊಂಡ್ ಬಾ," ಎಂದಳು.