ಟಣ್ ಎನ್ನದ ಬೆಳಗು

ಟಣ್.

ಬೆಳಗಿನ ಜಾವ ನಾಲ್ಕೂವರೆ. ಬೆಟಗೇರಿಯ ಓಣಿಯಲ್ಲಿ ಮಗ್ಗಗಳಿನ್ನೂ ಎದ್ದಿಲ್ಲ. ಮುದ್ರಣಾಲಯದ ಒಳಕೋಣೆಯಲ್ಲಿ ಕಂಪ್ಯೂಟರ್ ಎದುರು ಕುಳಿತ ದಿಲಶಾದಬಿ ಕನ್ನಡಕ ಸರಿಸಿಕೊಂಡು ಪರದೆಯ ಮೇಲಿನ ಒಂದು ಓರೆಗೆರೆ ಅಳಿಸುತ್ತಾರೆ, ಅಲ್ಲಿ ಅಡ್ಡಗೆರೆ ಹಾಕುತ್ತಾರೆ. ಈ ಸಲ ಸದ್ದಿಲ್ಲ. ಹೆಸರು ಒಪ್ಪಿಗೆಯಾಯಿತು.

ಗದಗ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಭಾಗದ ಹನ್ನೊಂದು ಏಜೆಂಟರು ಲಗ್ನಪತ್ರಿಕೆಗಳನ್ನು ತಮ್ಮಲ್ಲೇ ಜೋಡಿಸಿ ರಾತ್ರಿ ಇಲ್ಲಿಗೆ ಕಳಿಸುತ್ತಾರೆ. ಪ್ರತಿ ಫೈಲಿಗೂ ಏಜೆಂಟರ ಸಂಖ್ಯೆ ಮತ್ತು ಚೀಟಿಯ ಸಂಖ್ಯೆಯೇ ಹೆಸರು. ನಡುವೆ ಓರೆಗೆರೆ (/) ಇದ್ದರೆ ಅಚ್ಚಿಗೆ ಕಳಿಸುವ ಪ್ರೋಗ್ರಾಂ ಒಪ್ಪುವುದಿಲ್ಲ. ಟಣ್ ಎಂದು ನಿಂತುಬಿಡುತ್ತದೆ, ಅದರ ಹಿಂದೆ ಸಾಲಿನಲ್ಲಿರುವ ಪತ್ರಿಕೆಗಳೂ ನಿಲ್ಲುತ್ತವೆ. ಲಗ್ನದ ದಿನಗಳಲ್ಲಿ ರಾತ್ರಿಗೆ ನಲವತ್ತು ಹೆಸರು ಬಂದರೆ ಇಪ್ಪತ್ತು ತಪ್ಪಾಗಿರುತ್ತವೆ. ಅವನ್ನು ತಿದ್ದಿ, ಅಚ್ಚು ಮುಗಿಸಿ, ಏಳೂವರೆಯ ಬಸ್ಸಿಗೆ ಕಟ್ಟುಗಳನ್ನು ಹಾಕಬೇಕು.

"ಎಷ್ಟ್ ಹೇಳಿದ್ರೂ ರಸೀದಿ ಬುಕ್ಕಿನ್ಯಾಗ ಬರ‍್ದಂಗ ಬರೀತಾರ‍್ರಿ," ಎನ್ನುತ್ತಾರೆ ಅವರು. ಕೆಲವರು ಫೈಲಿನ ಹೆಸರಿಗೆ ಮೊದಲು ಶ್ರೀ ಬರೆದು ಎರಡೂ ಬದಿಗೆ ಜೋಡಿ ನಿಂತಗೆರೆ ಎಳೆಯುತ್ತಾರೆ. ಅದೂ ನಡೆಯುವುದಿಲ್ಲ. "ಶ್ರೀ ಬ್ಯಾಡ ಅನ್ನೂದಿಲ್ಲರಿ ಇದು, ಗೆರಿ ಅಷ್ಟ ಬ್ಯಾಡ ಅಂತೈತಿ. ನಮ್ಮಂದಿ 786 ಹಾಕಿದ್ರ ಸುಮ್ಮನ ತಗೋತೈತಿ. 'ಏನ್ರಿ, ನಿಮ್ಮ ಕಂಪ್ಯೂಟರ್ ನಿಮ್ಮ ಜಾತೀದೇನು?' ಅಂತ ಏಜೆಂಟ್ರು ಚಾಷ್ಟಿ ಮಾಡ್ತಾರ."

ನಲವತ್ತೈದು ದಾಟಿದ ದಿಲಶಾದಬಿಯವರ ಮನೆ ಮಲ್ಲಸಮುದ್ರದಲ್ಲಿದೆ. ಗಂಡ ಹಾಲಿನ ಗಾಡಿಗೆ ಹೋಗುವಾಗ ಇವರನ್ನು ಇಲ್ಲಿ ಇಳಿಸಿ ಹೋಗುತ್ತಾರೆ. ಗದಗ ಧಾರವಾಡದಿಂದ ಬೇರೆಯಾಗಿ ಹೊಸ ಜಿಲ್ಲೆಯಾದ ವರ್ಷ ಇದೇ ಮುದ್ರಣಾಲಯಕ್ಕೆ ಸೀಸದ ಅಚ್ಚುಮೊಳೆ ಜೋಡಿಸಲು ಸೇರಿದರು. ಆಗ ಎಲ್ಲ ಕಚೇರಿಗಳ ಕಾಗದದ ತಲೆಯ ಮೇಲೂ ಜಿಲ್ಲೆಯ ಹೆಸರು ಬದಲಾಗುತ್ತಿತ್ತು. "ಗದಗ ಅನ್ನಾಕ ಎರಡು ಗ ಬೇಕಲ್ರಿ. ಮಧ್ಯಾಹ್ನ ಆಗೂದ್ರಾಗ ಗ ಖಾಲಿ. ಧಾರವಾಡದ ಧಾ ಮಾತ್ರ ಆರಾಮ ಕುಂತಿತ್ತು," ಎಂದು ನಗುತ್ತಾರೆ. ಮುಂದೆ ಮಾಲೀಕರು ಮೊಳೆಗಳನ್ನು ತೂಕಕ್ಕೆ ಮಾರಿದರು. ಒಂದು ವರ್ಷ ಮನೆಯಲ್ಲಿ ಕುಳಿತ ದಿಲಶಾದಬಿ ಕಂಪ್ಯೂಟರ್ ಕಲಿತು ಮರಳಿ ಬಂದರು.

ಕುರ್ಚಿ ಮತ್ತೆ ಅಲುಗಾಡಿದ್ದು ಕಳೆದ ತಿಂಗಳು. ಮಾಲೀಕ ಚನ್ನಬಸವಣ್ಣನವರ ಮಗಳು ಶಿವರಂಜನಿ ಎಂಜಿನಿಯರಿಂಗ್ ಓದುತ್ತಿದ್ದಾಳೆ. ಅವಳು ಬರೆದ ಹೊಸ ಪ್ರೋಗ್ರಾಂ ಒಪ್ಪದ ಗುರುತುಗಳನ್ನು ತಾನೇ ಕಿತ್ತುಹಾಕಿ ಮುಂದೆ ಹೋಗುತ್ತದೆ. ಎರಡು ವಾರ ಅದು ಸರಿಯಾಗಿ ನಡೆದರೆ ಬೆಳಗಿನ ಜಾವ ಯಾರೂ ಬರಬೇಕಾಗಿಲ್ಲ ಎಂದು ಮಾಲೀಕರು ಹೇಳಿದರು. ಅಂದರೆ ದಿಲಶಾದಬಿಗೆ ಕೆಲಸವಿಲ್ಲ. ಅಲ್ಲಿಯವರೆಗೆ ನೋಡುತ್ತ ಕುಳಿತಿರಬೇಕು.

ಮೂರನೆಯ ಬೆಳಗು ಅವರು ಸುಮ್ಮನೆ ಕುಳಿತಿದ್ದರು. "ಇಪ್ಪತ್ತು ಸಲ ಟಣ್ ಅನ್ನೂದು ಒಮ್ಮಿನೂ ಅನ್ಲಿಲ್ಲರಿ. ಅದಕ್ಕ ಚೀಟಿ ಕೈಗೆ ತಗೊಂಡೆ." ತಪ್ಪು ತಿದ್ದಲೆಂದು ಏಜೆಂಟರು ಬಸ್ಸಿನಲ್ಲಿ ಕಳಿಸುವ, ಪತ್ರಿಕೆಯ ಪೂರ್ತಿ ಒಕ್ಕಣೆಯಿರುವ ಕೈಬರಹದ ಚೀಟಿಗಳನ್ನು ಎಣಿಸಿದರು. ಚೀಟಿ ನಲವತ್ತೊಂದು, ಫೈಲು ನಲವತ್ತು.

ಶಿವರಂಜನಿ ಪರದೆ ತೋರಿಸಿದಳು. "ಚಾಚಿ, ಎಲ್ಲಾ ಹೆಸರೂ ಸರಿ ಅಂದೈತಲ್ಲ."

"ಸರಿ ಅಂದೈತಿ ಯವ್ವಾ. ಒಬ್ಬ ವರ ಕಮ್ಮಿ ಅದಾನಲ್ಲ, ಎಲ್ಲಿ ಹ್ವಾದ ಹೇಳು."

ಒಂದನೆಯ ಏಜೆಂಟರ ಹನ್ನೆರಡನೆಯ ಚೀಟಿ, 1/12. ಹನ್ನೊಂದನೆಯವರ ಎರಡನೆಯ ಚೀಟಿ, 11/2. ಗೆರೆ ಕಿತ್ತರೆ ಎರಡೂ 112. ಹೆಸರು ಸರಿಯಿದೆಯೇ ಎಂದು ಪ್ರೋಗ್ರಾಂ ನೋಡಿತ್ತು; ಆ ಹೆಸರಿನದು ಆಗಲೇ ಇದೆಯೇ ಎಂದು ನೋಡಿರಲಿಲ್ಲ. ಎರಡನೆಯ ಮದುವೆ ಬಂದು ಮೊದಲನೆಯದನ್ನು ಅಳಿಸಿತ್ತು. (ದಿಲಶಾದಬಿ ಕೇಳಿಕೊಂಡಿದ್ದರಿಂದ ಇಲ್ಲಿ ಅಂಕಿಗಳನ್ನು ಬದಲಿಸಲಾಗಿದೆ.)

ಆ ಏಜೆಂಟರಿಗೆ ಫೋನ್ ಮಾಡಿದರೆ ಫೈಲಿನ ಇನ್ನೊಂದು ಪ್ರತಿ ಸಿಗುತ್ತಿತ್ತು. ಫೋನ್ ಎತ್ತಿದ ಶಿವರಂಜನಿಯ ಕೈಯನ್ನು ದಿಲಶಾದಬಿ ತಡೆದರು. "ಅವರ ಬಾಯಾಗ ಬಿದ್ರ ಬಸ್ ಸ್ಟ್ಯಾಂಡ್ ತುಂಬ ಆಗ್ತೈತಿ. ಲಗ್ನಕ್ಕಿಂತ ಮೊದಲ ಮದುಮಗಳ ಹೆಸರು ಅಳಸ್ತು ಅಂದ್ರ, ಆ ಮನಿ ಮಂದಿ ಮನಸಿಗೆ ಹಚ್ಚಿಕೊಂಡ್ಬಿಡ್ತಾರ. ನಾಳೆ ಆಕಿಗೆ ನೆಗಡಿ ಬಂದ್ರೂ ಅದಕ್ಕ ಅಂತಾರ."

ಚೀಟಿಯನ್ನು ಗೋಡೆಗೆ ಚುಚ್ಚಿಕೊಂಡು ಇಡೀ ಪತ್ರಿಕೆಯನ್ನು ಮೊದಲಿನಿಂದ ಜೋಡಿಸಿದರು. ಅಜ್ಜ, ಅಜ್ಜಿ, ಸೋದರಮಾವಂದಿರು, 'ಸುಖಾಗಮನ ಬಯಸುವವರು' ಎಂದು ಹದಿನಾರು ಹೆಸರು. ಅಷ್ಟಾದರೂ ಆ ಕಟ್ಟು ಏಳೂವರೆಯ ಬಸ್ಸು ತಪ್ಪಿಸಿಕೊಂಡು ಒಂಬತ್ತರದಕ್ಕೆ ಹೋಯಿತು.

ಹೊಸ ಪ್ರೋಗ್ರಾಂ ಈಗ ನಿಂತಿದೆ. "ಆಕಿ ಇರ‍್ಲಿ, ಕುರ್ಚಿನೂ ಅಲ್ಲೇ ಇರ‍್ಲಿ," ಎಂದಷ್ಟೇ ಚನ್ನಬಸವಣ್ಣ ಹೇಳುತ್ತಾರೆ. ಶಿವರಂಜನಿ ಗೆರೆ ಬಂದರೆ ಟಣ್ ಎನ್ನುವ ಹಳೆಯದನ್ನೇ ಮತ್ತೆ ಹಾಕಿ, ಅದೇ ಹೆಸರು ಎರಡನೆಯ ಸಲ ಬಂದರೂ ಟಣ್ ಎನ್ನುವಂತೆ ಮಾಡಿದ್ದಾಳೆ. ಅದನ್ನು ಬರೆಯುವಾಗ ದಿಲಶಾದಬಿಯವರನ್ನು ಪಕ್ಕದಲ್ಲಿ ಕೂರಿಸಿಕೊಂಡಿದ್ದಳು.

ಕಟ್ಟು ತಡವಾದ ದಿನ ಆ ಏಜೆಂಟರು ಫೋನ್ ಮಾಡಿ, "ಏನ್ರಿ ದಿಲಶಾದಬಿ, ಯಾಕ ತಡ ಆತು? ನಿದ್ದಿ ಹತ್ತಿತ್ತೇನು?" ಎಂದು ಕೆಣಕಿದರಂತೆ.

"ಹೂಂ ರೀ, ಹತ್ತಿತ್ತು ಅಂದೆ," ಎನ್ನುತ್ತಾರೆ ದಿಲಶಾದಬಿ.

ಆ ಮದುವೆ ಮುಗಿದಿದೆ. ಮನೆಯವರಿಗೆ ಇನ್ನಾದರೂ ತಿಳಿಸಬಹುದಲ್ಲ ಎಂದರೆ ತಲೆ ಅಲ್ಲಾಡಿಸುತ್ತಾರೆ. "ಯಾಕ ಹೇಳ್ಬೇಕ್ರಿ? ಪತ್ರಿಕಿ ಮ್ಯಾಲ ಆಕಿ ಹೆಸರು ಛಂದ ಬಂದೈತಿ. ಯಾರ ಮನೀದು ಅಂತ ನನ್ನ ಗಂಡಗೂ ಹೇಳಿಲ್ಲ. ನಿಮಗೂ ಹೇಳಾಂಗಿಲ್ಲ."