ಹಾಳೆಯಕ್ಕನ ಎರಡನೆಯ ಹಾಳೆ

ಪ್ರಯೋಗಶಾಲೆಯಲ್ಲಿ ಅವಳನ್ನು ಎಲ್ಲರೂ ಹಾಳೆಯಕ್ಕ ಎಂದೇ ಕರೆಯುತ್ತಿದ್ದರು. ಮೈತುಂಬ ಸಣ್ಣ ತೂತುಗಳಿರುವ, ತಾಮ್ರ ಲೇಪಿಸಿದ ತೆಳು ಹಾಳೆಯನ್ನು ಸುಕ್ಕಿಲ್ಲದಂತೆ ಎಳೆದು ಚೌಕಟ್ಟಿಗೆ ಅಂಟಿಸುವುದು ಅವಳ ಕೆಲಸ. ಆ ಹಾಳೆ ಅನಿಲ ತುಂಬಿದ ಪೆಟ್ಟಿಗೆಯೊಳಗೆ ಕೂರುತ್ತದೆ. ಇದುವರೆಗೆ ಯಾರ ಕೈಗೂ ಸಿಗದ ಡಾರ್ಕ್ ಮ್ಯಾಟರ್ ಅನ್ನುವ ಕಪ್ಪುದ್ರವ್ಯದ ಕಣವೊಂದು ಎಂದಾದರೂ ಬಂದು ಅನಿಲಕ್ಕೆ ಡಿಕ್ಕಿ ಹೊಡೆದರೆ ಉದುರುವುದು ನಾಲ್ಕೈದು ಎಲೆಕ್ಟ್ರಾನು, ಅಷ್ಟೇ. ವೋಲ್ಟೇಜ್ ಕೊಟ್ಟ ತೂತುಗಳನ್ನು ಹಾಯ್ದಾಗ ಅವು ಸಾವಿರಾರಾಗುತ್ತವೆ, ಆಗ ಯಂತ್ರಕ್ಕೆ ಅವುಗಳ ಸುಳಿವು ಹತ್ತುತ್ತದೆ.

ಒಂದರ ಕೆಳಗೆ ಎರಡನೆಯ ಹಾಳೆ ಇಟ್ಟು ಆ ಸಂಕೇತವನ್ನು ಇನ್ನಷ್ಟು ಹಿಗ್ಗಿಸಲು ಅವಳು ವರ್ಷಗಟ್ಟಲೆ ಒದ್ದಾಡಿದ್ದಳು. ಕೊನೆಗೂ ಒಂದು ಪೆಟ್ಟಿಗೆ ಪಳಗಿತ್ತು. ಬೇರೆ ಕಣಗಳ ಕಾಟ ತಟ್ಟದಿರಲೆಂದು ಅದನ್ನಿಡುವುದು ಆಳದ ಗಣಿಯೊಂದರಲ್ಲಿ; ಅದು ಆ ಗಣಿಯ ತಳಕ್ಕೆ ಇಳಿಯುವುದನ್ನು ಕಣ್ಣಾರೆ ನೋಡಬೇಕೆಂಬುದೊಂದೇ ಅವಳ ಆಸೆ.

ಅಲ್ಲೊಂದು ಕಟ್ಟಳೆಯಿತ್ತು: ಹಾಳೆ ಎಳೆದವರೇ ವೋಲ್ಟೇಜ್ ಏರಿಸಬೇಕು. ಹೆಚ್ಚಾದರೆ ಕಿಡಿ ಹಾರಿ ಹಾಳೆ ಸುಡುತ್ತದೆಂದು, ಮಗುವಿಗೆ ತುತ್ತು ತಿನ್ನಿಸುವಂತೆ ಅವಳು ಇಷ್ಟಿಷ್ಟೇ ಏರಿಸಿ, ನಿಲ್ಲಿಸಿ, ಕಾಯುತ್ತಿದ್ದಳು. ಈ ನಿಧಾನ ಕಂಡರೆ ಅವಳ ತಂಗಿಯ ಗಂಡನಿಗೆ ಮೈಯೆಲ್ಲ ಉರಿ. ಕರೆಂಟಿನ ಕೆಲಸದ ಆ ಮಹಾರಾಯನಿಗೆ ಅವರಿವರ ಕೈಕಾಲು ಹಿಡಿದು ಅಲ್ಲಿ ಕೆಲಸ ಕೊಡಿಸಿದವಳೂ ಇವಳೇ.

ದೊಡ್ಡವರೆಲ್ಲ ಪೆಟ್ಟಿಗೆ ನೋಡಲು ಬರುವ ದಿನ ಬೆಳಿಗ್ಗೆ ತಂಗಿ ಫೋನ್ ಮಾಡಿದಳು.

"ಅಕ್ಕಾ, ಜ್ವರ. ತಲೆ ಎತ್ತೋಕಾಗ್ತಿಲ್ಲ. ಬರ್ತೀಯಾ?"

ಕರುಳು ಕೇಳಬೇಕಲ್ಲ. "ನಾನು ಬರೋವರೆಗೂ ಪೆಟ್ಟಿಗೆ ಮುಟ್ಟಬೇಡಪ್ಪ" ಎಂದು ಅವನಿಗೆ ಹೇಳಿ ಓಡಿದಳು. ಇಡೀ ದಿನ ತಂಗಿಯ ಹಣೆಗೆ ಒದ್ದೆ ಬಟ್ಟೆ ಹಾಕುತ್ತ ಕುಳಿತಳು. ಹಣೆ ತಣ್ಣಗೇ ಇತ್ತು. ಸದ್ಯ ಜ್ವರ ಇಳಿಯಿತು ಅಂದುಕೊಂಡಳು.

ಮರುದಿನ ಬಂದು ನೋಡಿದರೆ ಪೆಟ್ಟಿಗೆ ಬಾಯಿ ತೆರೆದು ಬಿದ್ದಿತ್ತು. ಎರಡನೆಯ ಹಾಳೆಯ ನಟ್ಟನಡುವೆ ಸುಟ್ಟ ಕಲೆ. ವೋಲ್ಟೇಜಿನ ತಿರುಗುಗುಂಡಿ ಅವಳು ಎಂದೂ ಮುಟ್ಟದ ಅಂಕಿಯ ಮೇಲೆ ಇನ್ನೂ ನಿಂತಿತ್ತು.

"ಹಾಳೆ ಸಡಿಲ ಇತ್ತಂತೆ" ಎಂದರು ಮುಖ್ಯಸ್ಥರು. "ನಿಮ್ಮ ತಂಗಿ ಯಜಮಾನರೇ ಹೇಳ್ತಿದಾರೆ. ಸ್ವಲ್ಪ ದಿನ ಪ್ಯಾಕಿಂಗ್ ಕಡೆ ಇರಿ."

ಅವಳು ಪಕ್ಕದಲ್ಲೇ ನಿಂತಿದ್ದ ತಂಗಿಯ ಗಂಡನ ಕಡೆ ತಿರುಗಿದಳು. "ಯಾಕಪ್ಪ ಮುಟ್ಟಿದೆ?"

"ನಿಮ್ಮ ಕೈಯಲ್ಲಿ ಮೊದಲಿನ ಬಿಗಿ ಇಲ್ಲ ಅಕ್ಕ" ಎಂದ ಅವನು, ನೆಲ ನೋಡುತ್ತ.

ಕುಣಿಯಲಾರದವನು ನೆಲ ಡೊಂಕು ಅಂದನಂತೆ. ಗುಂಡಿ ಎಲ್ಲಿ ನಿಂತಿದೆಯೆಂದು ಮುಖ್ಯಸ್ಥರಿಗೂ ಕಾಣುತ್ತಿತ್ತು. ಆದರೆ ಹಾಳೆ ಸುಡುವ ಮುಂಚೆ ಅವನು ತೋರಿಸಿದ ಆ ಒಂದು ಕ್ಷಣದ ಭಾರೀ ಸಂಕೇತವನ್ನು ಬಂದವರು ಬಾಯ್ತುಂಬ ಹೊಗಳಿ ಹೋಗಿದ್ದರು. ಹಣ್ಣು ತಿಂದವನು ನುಣುಚಿಕೊಂಡ, ಸಿಪ್ಪೆ ತಿಂದವಳು ಸಿಕ್ಕಿಬಿದ್ದಳು.

ಸಂಜೆ, ಹೊಟ್ಟೆಯೊಳಗಿನ ಸಂಕಟ ಹೇಳಿಕೊಳ್ಳಲು ಅವಳಿಗಿದ್ದದ್ದು ತಂಗಿಯೊಬ್ಬಳೇ. ತಂಗಿ ಬಾಗಿಲಲ್ಲೇ ನಿಂತು ಎಲ್ಲ ಕೇಳಿದಳು. ಒಳಗೆ ಬಾ ಅನ್ನಲಿಲ್ಲ.

"ಅವರಿಗೂ ಒಂದು ಸಲ ಹೆಸರು ಬರಲಿ ಅಂತ ಫೋನ್ ಮಾಡಿದೆ ಅಕ್ಕ. ಸುಟ್ಟುಹೋಗತ್ತೆ ಅಂತ ನನಗೇನು ಗೊತ್ತು?"

ಹಾಳೆ ಸುಟ್ಟದ್ದಕ್ಕೆ ಅಳದಿದ್ದವಳ ಕಣ್ಣು ಈಗ ತುಂಬಿತು. ಸೆರಗಿನಿಂದ ಒರೆಸಿಕೊಂಡು ಮೆಟ್ಟಿಲಿಳಿದಳು. ಕೊನೆಯ ಮೆಟ್ಟಿಲಲ್ಲಿ ನಿಂತಳು.

"ನಿನ್ನೆ ನಿನ್ನ ಹಣೆ ತಣ್ಣಗಾಗಿದ್ದಕ್ಕೆ ನಾನು ದೇವರಿಗೆ ಕೈ ಮುಗಿದೆ ಕಣೇ."