ಕೆರೆಯಂಗಳದಲ್ಲಿ ಮುಳುಗಿದ ಹಡಗು

ಸಮುದ್ರದ ಸಿನಿಮಾ ಎಂದರೆ ನನಗೆ ಈಗಲೂ ತಾತ್ಸಾರ. ಹಡಗು ಓಲಾಡುತ್ತದೆ, ಗುಡುಗು ಮಿಂಚು ಬರುತ್ತದೆ, ಪಿಟೀಲುಗಳೆಲ್ಲ ಒಟ್ಟಿಗೆ ಕಿರುಚುತ್ತವೆ, ನಾಯಕಿ ಹಲಗೆಯೊಂದನ್ನು ತಬ್ಬಿಕೊಂಡು ತೇಲುತ್ತಾಳೆ. ಇಷ್ಟೆಲ್ಲ ಆದರೂ ಅವಳ ಹಣೆಯ ಕುಂಕುಮ ಮಾತ್ರ ಕರಗುವುದಿಲ್ಲ. ನೀರಿನ ಶಕ್ತಿ ತೋರಿಸುತ್ತೇವೆ ಎಂದು ಹೊರಟವರಿಗೆ ಒಂದು ಬೊಟ್ಟು ಅಳಿಸುವಷ್ಟೂ ನೀರು ಸಿಕ್ಕಿರುವುದಿಲ್ಲ.

ಇಂಥದ್ದೊಂದು ಸಮುದ್ರವನ್ನು ನಾನು ಮೊದಲು ನೋಡಿದ್ದು ನಮ್ಮೂರ ಟೆಂಟಿನಲ್ಲಿ. ಎಪ್ಪತ್ತರ ದಶಕದ ಮೊದಲ ವರ್ಷಗಳು. ದೊಡ್ಡಬಳ್ಳಾಪುರ ತಾಲ್ಲೂಕಿನಲ್ಲಿ, ಮಧುರೆಗೆ ನಡೆದು ಹೋಗುವಷ್ಟು ದೂರದಲ್ಲಿ ನಮ್ಮ ಊರು. ಟೆಂಟ್ ಹಾಕಿದ್ದು ಕೆರೆಯ ಅಂಗಳದಲ್ಲಿ. ನಮ್ಮವರ ಬುದ್ಧಿ ಎಂಥದ್ದೆಂದರೆ, ಒಂದೆರಡು ವರ್ಷ ಕೆರೆ ಒಣಗಿದರೆ ಸಾಕು, ಅದು ಕೆರೆ ಎಂಬುದೇ ಮರೆತುಹೋಗುತ್ತದೆ. ಅಲ್ಲೇ ಕಣ ಮಾಡುತ್ತಾರೆ, ದನ ಕಟ್ಟುತ್ತಾರೆ, ಗಾಡಿಗಟ್ಟಲೆ ಗೋಡುಮಣ್ಣು ಅಗೆದು ಹೊಲಕ್ಕೆ ಹೊಡೆಯುತ್ತಾರೆ. ಟೆಂಟಿನವನು ಜಾಗ ಕೇಳಿದಾಗ ಹಿರಿಯರು ಬೆರಳು ತೋರಿಸಿದ್ದೂ ಅಲ್ಲಿಗೇ.

ಆ ಸಂಜೆ ನಾವು ಹೋಗಿದ್ದು ಸಿನಿಮಾಕ್ಕಲ್ಲ, ಅಕ್ಕನನ್ನು ಗಂಡಿಗೆ ತೋರಿಸುವುದಕ್ಕೆ. ಮನೆಗೆ ಕರೆಸಿ ಉಪ್ಪಿಟ್ಟು ಕೊಟ್ಟು, ಆಮೇಲೆ ಅವರು ಒಪ್ಪಲಿಲ್ಲವೆಂದರೆ ಊರೆಲ್ಲ ಆಡಿಕೊಳ್ಳುತ್ತದೆ. ಟೆಂಟಿನಲ್ಲಾದರೆ ಅಕಸ್ಮಾತ್ತಾಗಿ ಕಂಡ ಹಾಗೆ ನೋಡಿಕೊಂಡು ಹೋಗಬಹುದು. ಆಗ ನಮ್ಮ ಕಡೆ ಕೆಲವು ಮನೆಗಳಲ್ಲಿ ಅದೇ ರೂಢಿ. ಗಂಡು ಬೆಂಗಳೂರಿನಲ್ಲಿ ಗುಮಾಸ್ತ. ಅಕ್ಕನಿಗೆ ಅವನಿಗಿಂತ ಹೆಚ್ಚು ಹಿಡಿಸಿದ್ದು ಅವನ ಬಾಡಿಗೆ ಮನೆಯ ನಲ್ಲಿ. ಅಮ್ಮ ಇಲ್ಲದ ಮನೆ ನಮ್ಮದು. ಬಾವಿಯಿಂದ ಸೇದಿ ಸೇದಿ ಅವಳ ಅಂಗೈ ಜಡ್ಡುಗಟ್ಟಿತ್ತು. "ತಿರುಗಿಸಿದ್ರೆ ಸಾಕಂತೆ ಕಣೇ, ಮನೆ ಒಳಗೇ ಸುರಿಯುತ್ತಂತೆ" ಎಂದು ವಾರವೆಲ್ಲ ಅದನ್ನೇ ಹೇಳುತ್ತಿದ್ದಳು. ಅವಳಿಗೆ ಈ ಸಂಬಂಧ ಬೇಕಿತ್ತು. ಅಪ್ಪನಿಗಂತೂ ಬೇಕೇ ಬೇಕಿತ್ತು, ಹಿಂದೆ ಬಂದವೆಲ್ಲ ಕೈತಪ್ಪಿದ್ದವು.

ಹೆಂಗಸರು ನೆಲದ ಮೇಲೆ, ಗಂಡಸರು ತಡಿಕೆಯ ಆಚೆ. ಗಂಡಿನ ತಾಯಿ ಅಕ್ಕನ ಪಕ್ಕದಲ್ಲೇ ಕೂತು, ಇಂಟರ್ವಲ್ ಮುಗಿಯುವುದರೊಳಗೆ ಅವಳ ಜಡೆ, ಹಲ್ಲು, ಕಾಲ್ಬೆರಳು ಎಲ್ಲ ಪರೀಕ್ಷಿಸಿ ಮುಗಿಸಿದರು. ಗಂಡು ಹಿಂದೆ ಕುರ್ಚಿಯಲ್ಲಿ. ಅವನು ಮದ್ರಾಸಿಗೆ ಹೋಗಿ ಸಮುದ್ರ ನೋಡಿ ಬಂದಿದ್ದ. ಅದನ್ನು ಟೆಂಟಿಗೆಲ್ಲ ತಿಳಿಸುವ ಹೊಣೆಯನ್ನೂ ತಾನೇ ಹೊತ್ತುಕೊಂಡಿದ್ದ.

"ಇದೇನ್ ಅಲೆ ಗುರು, ಮದ್ರಾಸಲ್ ನೋಡ್ಬೇಕು ನೀನು. ಆಳೆತ್ತರ ಬರುತ್ತೆ" ಎಂದು ಪಕ್ಕದವನಿಗೆ ಹೇಳುತ್ತಿದ್ದುದು ನಮ್ಮ ಕಿವಿಗೂ ಬೀಳುತ್ತಿತ್ತು.

ಪರದೆಯ ಮೇಲೆ ಹಡಗು ಮುಳುಗತೊಡಗಿದಾಗ ನನ್ನ ಲಂಗ ಒದ್ದೆಯಾಯಿತು. ಮುಂದೆ ಕೂತಿದ್ದ ಹೆಂಗಸು, ಮಗು ಉಚ್ಚೆ ಹೊಯ್ದಿದೆ ಎಂದುಕೊಂಡು ಅದಕ್ಕೆರಡು ಬಿಟ್ಟಳು. ಅವಳ ಪಕ್ಕದವಳೂ ತನ್ನ ಮಗುವಿಗೆ ಬಿಟ್ಟಳು. ನಾಲ್ಕೈದು ಮಕ್ಕಳು ಏಟು ತಿಂದು ಅಳುವ ಹೊತ್ತಿಗೆ, ಇಷ್ಟೊಂದು ಉಚ್ಚೆ ಯಾವ ಮಗುವೂ ಹೊಯ್ಯುವುದಿಲ್ಲವೆಂದು ಯಾರಿಗೋ ಹೊಳೆಯಿತು. ನಮ್ಮೂರಲ್ಲಿ ಹನಿ ಮಳೆ ಬಿದ್ದಿರಲಿಲ್ಲ. ಮೇಲೆ ಬೆಟ್ಟದ ಕಡೆ ಮಧ್ಯಾಹ್ನ ಸುರಿದದ್ದು ಕಾಲುವೆ ಹಿಡಿದು ತನ್ನ ಕೆರೆಗೆ ತಾನು ಬಂದಿತ್ತು, ಗುಡುಗಿಲ್ಲದೆ, ಪಿಟೀಲಿಲ್ಲದೆ.

ಜನ ಎದ್ದು ನೂಕಾಡುತ್ತಿದ್ದರೆ ಸಮುದ್ರ ಕಂಡ ಮಹಾಶಯ ಕಾಲೆತ್ತಿ ಕುರ್ಚಿಯ ಮೇಲಿಟ್ಟುಕೊಂಡು ಹಡಗು ನೋಡುತ್ತಲೇ ಇದ್ದ. ಜನರೇಟರ್ ನಿಂತು ಕತ್ತಲಾದ ಮೇಲೆ ಮಾತ್ರ ಅವನಿಗೆ ಕಾಲು ಬಂತು. ಅಪ್ಪ ಲಾಟೀನು ತರಲು ಊರೊಳಗೆ ಓಡಿದರು. ಗಂಡು ಬೂಟನ್ನು ಕೊರಳಿಗೆ ನೇತುಹಾಕಿಕೊಂಡು ನಮಗಿಂತ ಎಷ್ಟೋ ಮೊದಲೇ ಕೆರೆಯ ಏರಿಯನ್ನು ಸೇರಿದ್ದ. "ಅಮ್ಮಾ, ಎಲ್ಲಿದೀಯಮ್ಮಾ" ಎಂದು ಅಲ್ಲಿಂದಲೇ ಕೂಗುತ್ತಿದ್ದ. ಇಳಿದು ಬರುವ ಉದ್ದೇಶ ಆ ದನಿಯಲ್ಲಿ ಇರಲಿಲ್ಲ.

ಅವನ ಅಮ್ಮ ನಮ್ಮ ಹತ್ತಿರ ನಡುಗುತ್ತ ನಿಂತಿದ್ದರು. ಟೆಂಟಿಗೂ ಏರಿಗೂ ನಡುವೆ ಗೋಡು ಅಗೆದ ಹಳ್ಳಗಳು. ಅಲ್ಲಿ ನೀರು ತೊಡೆ ಮಟ್ಟಕ್ಕೆ ಬಂದಿತ್ತು. ಅಕ್ಕ ಸೀರೆಯನ್ನು ಮೊಣಕಾಲಿನ ಮೇಲಕ್ಕೆ ಎತ್ತಿ ಸೊಂಟಕ್ಕೆ ಸಿಕ್ಕಿಸಿದಳು.

"ಬನ್ನಿ, ಬೆನ್ ಮೇಲ್ ಹತ್ಕೊಳಿ. ಗಟ್ಟಿಯಾಗ್ ಹಿಡ್ಕೊಳಿ."

ಆಕೆಯನ್ನು ಹೊತ್ತುಕೊಂಡು ಅವಳು ನೀರಿಗಿಳಿದಳು. ಅವಳ ಸೆರಗು ಹಿಡಿದು ನಾನು ಹಿಂದೆ. ಹಿಡಿದ ಸೆರಗೂ ಕಾಣದಷ್ಟು ಕತ್ತಲು. ಏರಿಯ ಬುಡದಲ್ಲಿ ಆಕೆಯನ್ನು ಇಳಿಸಿ, ಸೀರೆ ಕೆಳಗೆ ಬಿಟ್ಟುಕೊಂಡು, ಸೆರಗು ಹೊದ್ದ ಮೇಲೆಯೇ ಊರಿನ ಲಾಟೀನುಗಳು ಬಂದದ್ದು. ಆಕೆ ಅಕ್ಕನ ಗಲ್ಲ ಹಿಡಿದು "ನಿನ್ ಹೊಟ್ಟೆ ತಣ್ಣಗಿರ್ಲಿ ಕಣವ್ವ" ಎಂದರು. ಅಕ್ಕನಿಗೆ ನಲ್ಲಿ ಸಿಕ್ಕೇಬಿಟ್ಟಿತು ಎಂದುಕೊಂಡೆ. ಪುಣ್ಯಕ್ಕೆ ಟೆಂಟಿನವನ ಬೆಂಚು, ಬಟ್ಟೆ ಹೋದದ್ದು ಬಿಟ್ಟರೆ ಯಾರ ಜೀವಕ್ಕೂ ಏನೂ ಆಗಲಿಲ್ಲ.

ಕೆಲವು ದಿನಗಳ ಮೇಲೆ, ಈ ಸಂಬಂಧ ತಂದಿದ್ದ ಸಾಸಲಿನ ನೆಂಟ ಬಂದ. ಜಗಲಿಯಲ್ಲಿ ಕೂತು ಕಾಫಿಯನ್ನು ಪೂರ್ತಿ ಕುಡಿದು ಲೋಟ ಇಟ್ಟ.

"ಹುಡ್ಗಿ ಒಳ್ಳೇವ್ಳೇ ಕಣಪ್ಪ. ಆದ್ರೆ ಸ್ವಲ್ಪ ಗಂಡುಬೀರಿ ಅಂತಾರೆ. ನೀರಲ್ಲಿ ಮೊಣಕಾಲ್ ಮೇಲಕ್ಕೆ ಸೀರೆ ಎತ್ಕೊಂಡಿದ್ಳಂತಲ್ಲ. ನಾಳೆ ನಮ್ ಮನೇಲಿ ಹೆಂಗೋ ಏನೋ ಅಂದ್ರು."

ಅಪ್ಪ ತಲೆ ತಗ್ಗಿಸಿದರು. "ನಾನೇ ಹೋಗಿ ತಪ್ಪಾಯ್ತು ಅಂತ ಕೇಳ್ಕೊಂಡ್ ಬರ್ತೀನಿ" ಎಂದು ಟವೆಲ್ಲು ಹೆಗಲಿಗೆ ಹಾಕಿಕೊಂಡರು.

ನನಗೆ ಮೈಯೆಲ್ಲ ಉರಿಯಿತು. ಆ ಕತ್ತಲಲ್ಲಿ ಅಕ್ಕ ಸೀರೆ ಎತ್ತಿದ್ದು ಯಾರಿಗೂ ಕಂಡಿರಲಿಲ್ಲ. ಗೊತ್ತಿದ್ದದ್ದು ಅವಳಿಗೆ, ನನಗೆ, ಮತ್ತೆ ಅವಳ ಬೆನ್ನ ಮೇಲೆ ಕೂತಿದ್ದವಳಿಗೆ. ನಾವಿಬ್ಬರೂ ಯಾರಿಗೂ ಹೇಳಿರಲಿಲ್ಲ.

ಅಕ್ಕನಿಗೂ ಅದು ಹೊಳೆದಿರಬೇಕು. ಬಾಗಿಲ ಹಿಂದಿನಿಂದ ಈಚೆಗೆ ಬಂದಳು. ಕಣ್ಣು ಕೆಂಪಾಗಿತ್ತು, ದನಿ ಮಾತ್ರ ನೆಟ್ಟಗಿತ್ತು.

"ಎಲ್ಲೂ ಹೋಗ್ಬೇಡ ಅಪ್ಪ. ಅವ್ರು ಹೇಳಿರೋದು ನಿಜಾನೇ."

ಕೊಡ, ಹಗ್ಗ ಎತ್ತಿಕೊಂಡು ಬಾವಿಗೆ ಹೊರಟಳು. ಜಗಲಿ ಇಳಿಯುವ ಮುಂಚೆ ಕೊಡವನ್ನು ಕೆಳಗಿಟ್ಟು, ನೆಂಟ ನೋಡುತ್ತಿದ್ದಂತೆಯೇ ಸೀರೆಯನ್ನು ಮೊಣಕಾಲಿನ ಮೇಲಕ್ಕೆ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.